ರಿವೈಂಡಿಂಗ್ ಅಂಗಡಿಯ ವಹಿಗಳನ್ನು ವಿಕಿಗೆ ತಂದದ್ದು: ಮುಧೋಳದ ಕೆಲಸದ ದಾಖಲೆ

ಮೋಟರ್ ರಿವೈಂಡಿಂಗ್‌ನಲ್ಲಿ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸದಲ್ಲಿ, ಹಳೇ ಕಾಯಿಲ್ (ತಂತಿಯ ಸುರುಳಿ) ಕತ್ತರಿಸಿ ತೆಗೆದರೆ ಮುಗೀತು. ಎಷ್ಟು ಸುತ್ತು ಇತ್ತು, ಯಾವ ಗೇಜ್ (ದಪ್ಪದ ಅಳತೆ) ತಂತಿ, ಎಷ್ಟು ತಂತಿ ಜೋಡಿಸಿ ಹಾಕಿದ್ದರು, ಪಿಚ್ (ಕಾಯಿಲಿನ ಎರಡು ಬದಿಗಳ ನಡುವಿನ ಅಂತರ) ಏನು, ಕನೆಕ್ಷನ್ ಸ್ಟಾರೋ ಡೆಲ್ಟಾನೋ (ಮೂರು ಫೇಸ್ ಜೋಡಿಸುವ ಎರಡು ರೀತಿ), ಇಷ್ಟನ್ನೂ ಆಗಲೇ ಬರೆದಿಟ್ಟಿರಬೇಕು. ನಮ್ಮದು ಮುಧೋಳದ ಸಣ್ಣ ಅಂಗಡಿ. ಘಟಪ್ರಭಾ ದಂಡೆಯ ಹೊಳಿ ಮೋಟರ್, ಬಾವಿಯ ಮೊನೊಬ್ಲಾಕ್ (ಮೋಟರ್, ಪಂಪ್ ಒಂದೇ ಆಗಿರುವುದು), ಬೋರಿನ ಸಬ್‌ಮರ್ಸಿಬಲ್ (ನೀರಲ್ಲೇ ಮುಳುಗಿರುವ ಮೋಟರ್), ಎಲ್ಲ ಬರುತ್ತವೆ. ಕಬ್ಬಿಗೆ ನೀರು ಬೇಕಾದ ಬೇಸಿಗೆಯಲ್ಲೇ ಮೋಟರ್ ಸುಡುವುದು ಜಾಸ್ತಿ. ಆಗ ರೈತರಿಗೆ ಒಂದು ದಿನ ತಡವಾದರೂ ನಷ್ಟ.

ಲೆಕ್ಕವೆಲ್ಲ ವಹಿಗಳಲ್ಲಿತ್ತು. ಎಣ್ಣೆ ಕಲೆ, ವಾರ್ನಿಶ್ ಅಂಟು, ಒಂದೊಂದು ವರ್ಷಕ್ಕೆ ಒಂದೊಂದು ವಹಿ. ಬರೆದಿದ್ದು ಖಂಡಿತ ಇದೆ, ಆದರೆ ಬೇಕಾದಾಗ ಸಿಗುವುದಿಲ್ಲ. ಇದ್ದೂ ಸಿಗದ ಲೆಕ್ಕಕ್ಕಾಗಿ ಅದೇ ಮೋಟರಿನ ಕಾಯಿಲನ್ನು ಮತ್ತೆ ಎಣಿಸುತ್ತಾ ಕೂರಬೇಕಿತ್ತು. ಈಗ ಅದೆಲ್ಲ ಅಂಗಡಿಯ ವೈಫೈ ಒಳಗೇ ನಡೆಯುವ ಒಂದು ಖಾಸಗಿ ವಿಕಿಗೆ (ಬ್ರೌಸರಿನಲ್ಲೇ ತೆರೆದು ಹಲವರು ಬರೆದು ತಿದ್ದುವ ಪುಟಗಳಿಗೆ) ಬರುತ್ತಿದೆ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಮೋಟರ್ ಅಂಗಡಿಯೇ ಆಗಬೇಕಿಲ್ಲ. ವರ್ಷಗಟ್ಟಲೆ ಟಿಪ್ಪಣಿ ಬರೆದಿಟ್ಟ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಹಂತ 1: ಮೊದಲು ಹಿಡಿದು, ಆಮೇಲೆ ಬಿಟ್ಟಿದ್ದು

ಎಕ್ಸೆಲ್‌ನಿಂದ ಶುರು ಮಾಡಿದೆ. ಸಾಲಿಗೊಂದು ಮೋಟರ್. ಸಿಂಗಲ್ ಫೇಸ್ ಮೋಟರಿಗೆ ಸ್ಟಾರ್ಟಿಂಗ್ ಮತ್ತು ರನ್ನಿಂಗ್ ಅಂತ ಎರಡು ವೈಂಡಿಂಗ್, ಮೇಲೆ ಕೆಪಾಸಿಟರ್. ತ್ರೀ ಫೇಸಿಗೆ ಅದೊಂದೂ ಬೇಡ. ಹಾಗಾಗಿ ಅರ್ಧ ಕಾಲಂ ಖಾಲಿ, ಬೇಕಾದ ಮಾತು ಬರೆಯಲು ಮಾತ್ರ ಜಾಗ ಸಾಲದು. ಕನೆಕ್ಷನ್ ಫೋಟೊ ಇಡುವುದಂತೂ ಆಗಲೇ ಇಲ್ಲ.

ಆಮೇಲೆ ವಾಟ್ಸಾಪಿನಲ್ಲಿ ಅಂಗಡಿಯವರದೇ ಒಂದು ಗುಂಪು ಮಾಡಿ ಅದಕ್ಕೆ ಫೋಟೊ ಹಾಕತೊಡಗಿದೆವು. ಹಾಕುವುದು ಸುಲಭ. ಆದರೆ ಕಳಿಸುವಾಗ ಫೋಟೊ ಕುಗ್ಗಿ ನೇಮ್‌ಪ್ಲೇಟಿನ ಸಣ್ಣ ಅಕ್ಷರ ಅಳಿಸಿದಂತಾಗುತ್ತದೆ. ಹಿಂದಿನ ಸೀಜನ್ನಿನ ಫೋಟೊ ಬೇಕೆಂದರೆ ಬೆರಳು ನೋಯುವ ತನಕ ಮೇಲೆ ಎಳೆಯಬೇಕು.

ಟಿಡ್ಲಿವಿಕಿ ನನಗೆ ತುಂಬಾ ಹಿಡಿಸಿತ್ತು. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇರುತ್ತದೆ. ಒಬ್ಬರೇ, ಒಂದೇ ಕಂಪ್ಯೂಟರಿನಲ್ಲಿ ಬಳಸುವುದಾದರೆ ಈಗಲೂ ಅದನ್ನೇ ಹೇಳುತ್ತೇನೆ. ನಮ್ಮಲ್ಲಿ ಆಗಿದ್ದು ಬೇರೆ. ಬ್ರೌಸರಿನಲ್ಲಿ ಸುಮ್ನೆ ತೆರೆದು ಸೇವ್ ಮಾಡಿದರೆ ಪ್ರತಿ ಸಲ ಹೊಸದೊಂದು ಕಾಪಿ ಡೌನ್‌ಲೋಡ್ ಆಗುತ್ತದೆ. ಫೋನಿನಲ್ಲಿ ಒಂದು ಕಾಪಿ, ಟೇಬಲ್ ಮೇಲಿನ ಕಂಪ್ಯೂಟರಿನಲ್ಲಿ ಇನ್ನೊಂದು. ಯಾವುದರಲ್ಲಿ ಹೊಸ ಲೆಕ್ಕ ಇದೆ ಅಂತ ಗೊತ್ತಾಗದೆ ಎರಡನ್ನೂ ತೆರೆದು ಹೋಲಿಸುವ ಕೆಲಸ ಬಂತು. ಬಿಟ್ಟೆ.

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಮೇಲೆ. ಅದಕ್ಕೆ ಡೇಟಾಬೇಸ್ ಬೇಕು, ಅದನ್ನು ನೋಡಿಕೊಳ್ಳಬೇಕು. ಅಂಗಡಿಗೆ ಅಷ್ಟು ಬೇಡ ಅನ್ನಿಸಿತು.

ಕೊನೆಗೆ ಡೊಕುವಿಕಿ ಹಿಡಿದೆ. 2004ರಲ್ಲಿ ಆಂಡ್ರಿಯಾಸ್ ಗೋರ್ ಶುರು ಮಾಡಿದ್ದು, ಉಚಿತ. ಡೇಟಾಬೇಸ್ ಇಲ್ಲ. ಒಂದೊಂದು ಪುಟವೂ ಒಂದೊಂದು ಸಾದಾ ಟೆಕ್ಸ್ಟ್ ಫೈಲ್. ನಾಳೆ ವಿಕಿ ಕೆಟ್ಟು ನಿಂತರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಇದನ್ನು ಆರಿಸಿದ್ದಕ್ಕೆ ಅದೊಂದೇ ಕಾರಣ ಸಾಕು.

ಹಂತ 2: ಯಂತ್ರ ಮತ್ತು ಖರ್ಚು

ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ತಂದೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೊಳ್ಳುವ ಯೋಚನೆಯೂ ಇತ್ತು. ಆದರೆ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ದಿನದ ಮಾತು. ಓಡುತ್ತಿರುವಾಗಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಭಯ. ಲ್ಯಾಪ್‌ಟಾಪಿನ ಬ್ಯಾಟರಿ ಹಳೇದಾದರೂ ಒಂದು ತಾಸು ತಡೆಯುತ್ತದೆ, ಅದೇ ಯುಪಿಎಸ್.

ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ, 1,650 ರೂಪಾಯಿ. ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್ 700. ಬ್ಯಾಕಪ್‌ಗೆ 64 ಜಿಬಿಯ ಎರಡು ಪೆನ್‌ಡ್ರೈವ್ 900. ಮೋಟರಿನ ಮೇಲೆ ನಂಬರ್ ಹೊಡೆಯಲು ಪಂಚ್ ಸೆಟ್ 550. ಲ್ಯಾಪ್‌ಟಾಪಿನ ಒಳಗಿನ ಸಣ್ಣ ಸೆಲ್ 60. ಒಟ್ಟು 3,860 ರೂಪಾಯಿ. ವೈಫೈ ರೌಟರ್ ಮೊದಲೇ ಇತ್ತು, ಇನ್‌ವರ್ಟರ್ ಮೇಲಿದೆ.

ಆ ಸೆಲ್ಲಿನ ಕತೆ ಹೇಳಲೇಬೇಕು. ಬ್ಯಾಟರಿ ಪೂರ್ತಿ ಇಳಿದು ಲ್ಯಾಪ್‌ಟಾಪ್ ಆರಿ ಮತ್ತೆ ಎದ್ದಾಗ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ವಿಕಿ ಪ್ರತಿ ಬದಲಾವಣೆಗೂ ತಾರೀಕು ಹಚ್ಚುತ್ತದೆ. ಇವತ್ತು ಬರೆದ ಪುಟಕ್ಕೆ ಯಾವುದೋ ಹಳೇ ವರ್ಷದ ತಾರೀಕು ಬಿತ್ತು. ಇತ್ತೀಚಿನ ಬದಲಾವಣೆಗಳ ಪಟ್ಟಿ ಪೂರ್ತಿ ಗೊಂದಲ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಅದರಲ್ಲೇ ಹುಡುಕುತ್ತಿದ್ದೆ. ತೊಂದರೆ ಇದ್ದದ್ದು ಮದರ್‌ಬೋರ್ಡಿನ ಸೆಲ್‌ನಲ್ಲಿ. ಹಳೇ ಯಂತ್ರ ಬಳಸುವವರು ಮೊದಲ ದಿನವೇ ಅದನ್ನು ಬದಲಿಸಿಬಿಡಿ.

ಇನ್ನೊಂದು, ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ, ವಿಕಿ ನಿಲ್ಲುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಲಾಗಿನ್‌ಡಿ ಎಂಬುದರ ಸೆಟ್ಟಿಂಗ್ ಫೈಲ್ ತೆರೆದು ಮುಚ್ಚಳದ ಸಾಲಿಗೆ ‘ಇಗ್ನೋರ್’ ಅಂತ ಬರೆದೆ. ಈಗ ಮುಚ್ಚಿ ಕಪಾಟಿನ ಮೇಲೆ ಇಟ್ಟಿದ್ದೇವೆ. ತಂತಿ ಕತ್ತರಿಸುವಾಗ ಹಾರುವ ತಾಮ್ರದ ಚೂರು ಕೀಬೋರ್ಡಿಗೆ ಬೀಳುವುದಿಲ್ಲ.

ಹಂತ 3: ವಿಕಿ ಹಾಕಿದ್ದು

ಡೆಬಿಯನ್ ಲಿನಕ್ಸ್, ಅದರ ಮೇಲೆ ಅಪಾಚೆ (ಪುಟಗಳನ್ನು ಬ್ರೌಸರಿಗೆ ಕೊಡುವ ವೆಬ್ ಸರ್ವರ್), ಪಿಎಚ್‌ಪಿ (ಡೊಕುವಿಕಿ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ). ಪಿಎಚ್‌ಪಿ ಜೊತೆಗೆ ಎಕ್ಸ್‌ಎಂಎಲ್, ಜಿಡಿ, ಎಂಬಿ-ಸ್ಟ್ರಿಂಗ್ ಎಂಬ ಮೂರು ಭಾಗಗಳೂ ಬೇಕು. ಡೊಕುವಿಕಿ ಫೈಲುಗಳನ್ನು ಅಪಾಚೆಯ ಫೋಲ್ಡರಿಗೆ ಬಿಚ್ಚಿ, ಆ ಫೋಲ್ಡರಿನ ಒಡೆತನವನ್ನು ವೆಬ್ ಸರ್ವರಿಗೆ ಕೊಟ್ಟು, ಬ್ರೌಸರಿನಲ್ಲಿ ಇನ್‌ಸ್ಟಾಲ್ ಪುಟ ತೆರೆದರೆ ಉಳಿದದ್ದು ತಾನೇ ಕೇಳುತ್ತದೆ. ಒಡೆತನ ಕೊಡದೆ ಹೋದರೆ ಫೋಲ್ಡರಿನಲ್ಲಿ ಬರೆಯಲು ಆಗುವುದಿಲ್ಲ ಅಂತ ಮೊದಲ ಪರದೆಯಲ್ಲೇ ನಿಲ್ಲಿಸುತ್ತದೆ. ವಿಕಿ ತೆರೆದದ್ದೋ, ಎಲ್ಲರೂ ಓದುವಂಥದ್ದೋ, ಮುಚ್ಚಿದ್ದೋ ಅಂತ ಕೇಳಿದಾಗ ಮುಚ್ಚಿದ್ದು ಆರಿಸಿದೆ. ಕೆಲಸ ಮುಗಿದ ಮೇಲೆ ಆ ಇನ್‌ಸ್ಟಾಲ್ ಫೈಲ್ ಅಳಿಸಬೇಕು. ಬಿಡಬಾರದು.

ಇಲ್ಲಿ ಒಂದು ಎಚ್ಚರ. ಡೇಟಾ ಫೋಲ್ಡರನ್ನು ಬ್ರೌಸರಿನಿಂದ ನೇರವಾಗಿ ಯಾರೂ ತೆರೆಯದಂತೆ ಡೊಕುವಿಕಿ ಒಂದು ತಡೆ ಫೈಲ್ ಇಟ್ಟಿರುತ್ತದೆ. ಆದರೆ ಡೆಬಿಯನ್ನಿನ ಅಪಾಚೆ ಮೊದಲಿನಿಂದ ಅಂಥ ಫೈಲನ್ನು ಓದುವುದೇ ಇಲ್ಲ. ಅಪಾಚೆಯ ಸೆಟ್ಟಿಂಗಿನಲ್ಲಿ ‘ಅಲೋ ಓವರ್‌ರೈಡ್’ ಸಾಲನ್ನು ಬದಲಿಸಬೇಕು. ನಮ್ಮ ವಿಕಿಯಲ್ಲಿ ಗಿರಾಕಿಗಳ ಫೋನ್ ನಂಬರ್ ಇವೆ. ನಂಬಿ ಕೊಟ್ಟ ನಂಬರ್ ಅವು. ಅದಕ್ಕೇ ವಿಕಿಯನ್ನು ಇಂಟರ್‌ನೆಟ್ಟಿಗೆ ಬಿಡಲೇ ಇಲ್ಲ, ಅಂಗಡಿಯ ವೈಫೈ ಒಳಗೆ ಮಾತ್ರ.

ಕರೆಂಟ್ ಹೋಗಿ ರೌಟರ್ ಹೊಸದಾಗಿ ಎದ್ದಾಗ ಲ್ಯಾಪ್‌ಟಾಪಿಗೆ ಬೇರೆ ಐಪಿ ವಿಳಾಸ ಸಿಗುತ್ತಿತ್ತು. ಫೋನಿನಲ್ಲಿ ಉಳಿಸಿದ ವಿಳಾಸ ಹೊಡೆದರೆ ಏನೂ ಬರದು. ರೌಟರಿನ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿಗೆ ಒಂದೇ ವಿಳಾಸ ಕಾಯ್ದಿರಿಸಿದ ಮೇಲೆ ಸರಿಹೋಯಿತು.

ಹಂತ 4: ಕನ್ನಡ ಹೆಸರಿನ ಪುಟ ಸೇವ್ ಆಗಲಿಲ್ಲ

ಪುಟದ ಒಳಗೆ ಕನ್ನಡ ಬರೆಯಲು ಏನೂ ತೊಂದರೆ ಇಲ್ಲ. ತೊಂದರೆ ಬಂದಿದ್ದು ಪುಟದ ಹೆಸರಿಗೆ. ‘ಬೇರಿಂಗ್’ ಅಂತ ಪುಟ ಮಾಡಿದೆ, ಆಯಿತು. ‘ಮೊನೊಬ್ಲಾಕ್ ಮೋಟರಿನ ಬೇರಿಂಗ್ ಬದಲಿಸುವ ಕ್ರಮ’ ಅಂತ ಮಾಡಿದೆ, ಸೇವ್ ಆಗಲೇ ಇಲ್ಲ.

ಫೋಲ್ಡರಿನ ಒಳಗೆ ನೋಡಿದಾಗ ಕಾರಣ ಸಿಕ್ಕಿತು. ಡೊಕುವಿಕಿ ಮೊದಲಿನಿಂದ ಇರುವ ಸೆಟ್ಟಿಂಗಿನಲ್ಲಿ ಕನ್ನಡ ಹೆಸರನ್ನು ಹಾಗೇ ಬರೆಯುವುದಿಲ್ಲ. ವೆಬ್ ವಿಳಾಸದಲ್ಲಿ ಬರುವಂತೆ ಪರ್ಸೆಂಟ್ ಚಿಹ್ನೆ ಮತ್ತು ಅಂಕಿಗಳಾಗಿ ಬದಲಿಸುತ್ತದೆ. ಕನ್ನಡದ ಒಂದು ಸಂಕೇತ ಅಲ್ಲಿ 9 ಅಕ್ಷರ ಹಿಡಿಯುತ್ತದೆ. ‘ಸುಟ್ಟ’ ಅನ್ನುವುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಉಕಾರದ ಕೊಂಬು, ಟ, ಅರ್ಧಾಕ್ಷರದ ಗುರುತು, ಮತ್ತೆ ಟ ಅಂತ 5 ಸಂಕೇತ, ಅಂದರೆ ಫೈಲಿನ ಹೆಸರಿನಲ್ಲಿ 45 ಅಕ್ಷರ. ಲಿನಕ್ಸಿನಲ್ಲಿ ಫೈಲಿನ ಹೆಸರು 255 ಬೈಟ್ ದಾಟುವಂತಿಲ್ಲ. 27–28 ಸಂಕೇತಕ್ಕೇ ಜಾಗ ಮುಗಿಯುತ್ತದೆ.

ಪರಿಹಾರ ಕಾನ್ಫಿಗರೇಶನ್ ಪುಟದ ಅಡ್ವಾನ್ಸ್ಡ್ ಭಾಗದಲ್ಲಿದೆ. ಫೈಲ್ ಹೆಸರಿನ ಎನ್‌ಕೋಡಿಂಗ್ ಅನ್ನು ‘ಯುಆರ್‌ಎಲ್’ನಿಂದ ‘ಯುಟಿಎಫ್-8’ಕ್ಕೆ ಬದಲಿಸಿದೆ. ಈಗ ಒಂದು ಸಂಕೇತಕ್ಕೆ 3 ಬೈಟ್ ಮಾತ್ರ. ಆದರೆ ಇದನ್ನು ಬದಲಿಸಿದ ಕೂಡಲೇ ಆವರೆಗೆ ಮಾಡಿದ ಕನ್ನಡ ಹೆಸರಿನ ಪುಟಗಳೆಲ್ಲ ಕಾಣೆ. ಫೈಲ್ ಅಲ್ಲೇ ಇರುತ್ತದೆ, ವಿಕಿ ಬೇರೆ ಹೆಸರಿನಲ್ಲಿ ಹುಡುಕುತ್ತಿರುತ್ತದೆ. ನನ್ನ ಪುಟಗಳು ಇನ್ನೂ ಕೆಲವೇ ಇದ್ದವು, ಮತ್ತೆ ಅಂಟಿಸಿದೆ. ಕನ್ನಡದಲ್ಲಿ ವಿಕಿ ಮಾಡುವವರು ಮೊದಲ ಪುಟ ಬರೆಯುವ ಮುಂಚೆಯೇ ಈ ಸೆಟ್ಟಿಂಗ್ ಬದಲಿಸಿ. ಇಡೀ ದಾಖಲೆಯಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಡಿ.

ಹಂತ 5: ಫೋಟೊ

ಫೋನಿನ ಫೋಟೊ 4–5 ಎಂಬಿ. ಪಿಎಚ್‌ಪಿ ಮೊದಲಿನಿಂದ 2 ಎಂಬಿ ಮಾತ್ರ ಒಳಗೆ ಬಿಡುತ್ತದೆ. ಪಿಎಚ್‌ಪಿ ಸೆಟ್ಟಿಂಗ್ ಫೈಲಿನಲ್ಲಿ ಮಿತಿ 16 ಎಂಬಿ ಮಾಡಿ, ಅಪಾಚೆ ಮರುಶುರು ಮಾಡಿದರೂ ಏನೂ ಬದಲಾಗಲಿಲ್ಲ. ಡೆಬಿಯನ್ನಿನಲ್ಲಿ ಒಂದೇ ಹೆಸರಿನ ಸೆಟ್ಟಿಂಗ್ ಫೈಲ್ ಎರಡು ಕಡೆ ಇರುತ್ತದೆ, ಟರ್ಮಿನಲ್ಲಿಗೊಂದು (ಆಜ್ಞೆ ಟೈಪ್ ಮಾಡುವ ಕಿಟಕಿಗೆ), ಅಪಾಚೆಗೊಂದು. ತಿದ್ದಿದ್ದು ಟರ್ಮಿನಲ್ಲಿನದು. ಅಪಾಚೆಯದನ್ನು ತಿದ್ದಿದ ಮೇಲೆ ಫೋಟೊ ಏರಿದವು. ಒಂದು ಫೈಲಿನ ಮಿತಿ ಮತ್ತು ಒಟ್ಟು ಪೋಸ್ಟಿನ ಮಿತಿ ಅಂತ ಎರಡು ಸಾಲಿವೆ. ಎರಡನ್ನೂ ಏರಿಸಬೇಕು.

ಪ್ರತಿ ಮೋಟರಿಗೆ ಮೂರು ಫೋಟೊ ಕಡ್ಡಾಯ: ನೇಮ್‌ಪ್ಲೇಟ್, ಕತ್ತರಿಸುವ ಮುಂಚಿನ ಕನೆಕ್ಷನ್ ಬದಿ, ಸ್ಕೇಲ್ ಇಟ್ಟು ತೆಗೆದ ಕೋರ್ (ಕಾಯಿಲ್ ಕೂರಿಸುವ ಕಬ್ಬಿಣದ ಭಾಗ). ಪುಟದಲ್ಲಿ ಫೋಟೊ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ 300 ಅಂತ ಬರೆದರೆ ಅಷ್ಟು ಪಿಕ್ಸೆಲ್ ಅಗಲಕ್ಕೆ ಚಿಕ್ಕದಾಗಿ ಕಾಣುತ್ತದೆ. ಒತ್ತಿದರೆ ದೊಡ್ಡದಾಗುತ್ತದೆ.

ಹಂತ 6: ಪುಟಗಳನ್ನು ಒಡೆದದ್ದು

ಇಲ್ಲಿಯವರೆಗಿನದು ಕಂಪ್ಯೂಟರ್ ಗೊತ್ತಿದ್ದವರು ಯಾರಾದರೂ ಮಾಡಿಕೊಡುತ್ತಾರೆ. ಇದನ್ನು ಮಾತ್ರ ನಾವೇ ಕೂತು ಯೋಚಿಸಬೇಕು. ನನ್ನ ಸಮಯ ಹೆಚ್ಚು ಹೋಗಿದ್ದೂ ಇಲ್ಲೇ.

ಮೊದಲು ಗಿರಾಕಿಗಳ ಹೆಸರಿನಲ್ಲಿ ಪುಟ ಮಾಡಿದೆ, ವಹಿಯಲ್ಲಿ ಇದ್ದಂತೆಯೇ. ಸೀಜನ್ ಶುರುವಾದ ಕೂಡಲೇ ಅದು ಕೈಕೊಟ್ಟಿತು. ಲೋಕಾಪುರ ಕಡೆಯ ರೈತರೊಬ್ಬರು ಮೋಟರ್ ಇಳಿಸುತ್ತಾ, “ಮಾಲಕ್ರ, ಇದು ನಂದಲ್ರಿ, ನಮ್ಮ ಕಾಕಾಂದು. ಹ್ವಾದ ವರ್ಷ ನಾನ ತಂದಿದ್ನಿ, ನನ್ನ ಹೆಸರಲೇನ ಬರಸಿದ್ನಿ” ಅಂದರು. ಮೋಟರ್ ಅಣ್ಣನಿಂದ ತಮ್ಮನಿಗೆ ಹೋಗುತ್ತದೆ, ಹೊಲದ ಜೊತೆ ಮಾರಾಟವಾಗುತ್ತದೆ, ಬೀಗರಿಗೆ ಎರವಲು ಹೋಗುತ್ತದೆ. ಒಂದೇ ಊರಲ್ಲಿ ಒಂದೇ ಹೆಸರು, ಅಡ್ಡಹೆಸರಿನವರು ನಾಲ್ಕೈದು ಮಂದಿ ಇರುತ್ತಾರೆ. ಹೆಸರು ಹಿಡಿದು ಹೋದರೆ ಮೋಟರ್ ಸಿಗುವುದಿಲ್ಲ.

ಹಾಗಾಗಿ ಮೋಟರಿಗೊಂದು ಪುಟ ಮಾಡಿ, ವೈಂಡಿಂಗ್ ಲೆಕ್ಕ ಪೂರ್ತಿ ಅದರಲ್ಲೇ ಬರೆದೆ. ಇದು ಸ್ವಲ್ಪ ಕಾಲ ಚೆನ್ನಾಗಿ ನಡೆಯಿತು. ಆದರೆ ಒಂದೇ ಮಾಡೆಲ್ಲಿನ ಮೋಟರ್‌ಗಳು ಬೇಕಾದಷ್ಟು ಬರುತ್ತವೆ. ಪ್ರತಿ ಪುಟದಲ್ಲೂ ಅದೇ ಲೆಕ್ಕ. ಒಂದು ಕಡೆ ಸುತ್ತಿನ ಸಂಖ್ಯೆ ತಿದ್ದಿದರೆ ಉಳಿದ ಪುಟಗಳಲ್ಲಿ ಹಳೆಯದೇ ಉಳಿಯಿತು. ಎರಡು ಪುಟ ಎರಡು ಮಾತು ಹೇಳಿದರೆ ಯಾವುದನ್ನು ನಂಬುವುದು?

ಆಮೇಲೆ ಮಾಡೆಲ್ಲಿಗೆ ಬೇರೆ ಪುಟ ಮಾಡಿದೆ. ಕಂಪನಿ, ಎಚ್‌ಪಿ (ಹಾರ್ಸ್‌ಪವರ್), ಪೋಲ್ (ಕಾಂತಧ್ರುವಗಳ ಸಂಖ್ಯೆ). ಇಷ್ಟು ಸಾಕು ಅಂದುಕೊಂಡೆ. ಒಂದು 5 ಎಚ್‌ಪಿ ಮೊನೊಬ್ಲಾಕ್ ಬಂತು. ಅದೇ ಕಂಪನಿ, ಅದೇ 24 ಸ್ಲಾಟ್ (ಕೋರಿನಲ್ಲಿ ಕಾಯಿಲ್ ಕೂರುವ ಸೀಳು). ಕಾಯಿಲ್ ಪೂರ್ತಿ ಕರಗಿ ಎಣಿಸಲು ಆಗದಂತಿತ್ತು. ವಿಕಿಯಲ್ಲಿದ್ದ ಲೆಕ್ಕದಂತೆ ಸುತ್ತಿ, ಕೂರಿಸಿ, ಲೋಡ್ ಇಲ್ಲದೆ ಓಡಿಸಿ ಕ್ಲ್ಯಾಂಪ್ ಮೀಟರ್ ಹಿಡಿದರೆ ಮೂರೂ ಫೇಸಿನಲ್ಲಿ 5 ಆಂಪಿಯರ್ ಮೇಲೆ. ಅಂಥ ಮೋಟರ್ ನಮ್ಮಲ್ಲಿ ಮೂರು, ಮೂರೂವರೆ ತೆಗೆದುಕೊಳ್ಳುತ್ತದೆ. ಕೋರ್ ಅಳೆದಾಗ ಗೊತ್ತಾಯಿತು. ವಿಕಿಯಲ್ಲಿದ್ದ ಲೆಕ್ಕ 120 ಮಿ.ಮೀ. ಉದ್ದದ ಕೋರಿನದು, ಮುಂದಿದ್ದ ಕೋರ್ 105 ಮಿ.ಮೀ. ಕೋರ್ ಗಿಡ್ಡವಾದರೆ ಸುತ್ತು ಜಾಸ್ತಿ ಬೇಕು. ವಾರ್ನಿಶ್ ಹಾಕುವ ಮುಂಚೆ ಓಡಿಸಿ ನೋಡಿದ್ದರಿಂದ ತಂತಿ ಬಿಚ್ಚಿ ಮತ್ತೆ ಸುತ್ತಲು ಆಯಿತು.

ಅಂದಿನಿಂದ ಆ ಮಾಡೆಲ್ ಪುಟದ (ಈಗ ಡಿಸೈನ್ ಪುಟ ಅನ್ನುತ್ತೇವೆ) ಹೆಸರಿನಲ್ಲೇ ಕೋರಿನ ಉದ್ದ ಮತ್ತು ಒಳವ್ಯಾಸ ಇರುತ್ತದೆ. ಕಂಪನಿಯ ಹೆಸರು ಪುಟದ ಒಳಗೆ ಹೋಯಿತು. ಈಗಿನ ವ್ಯವಸ್ಥೆ ಹೀಗಿದೆ.

ಮೋಟರ್ ಪುಟ: ನಂಬರ್, ಬಂದ ತಾರೀಕು, ಏನಾಗಿತ್ತು, ಏನು ಮಾಡಿದೆವು, ಬಿಟ್ಟುಕೊಡುವಾಗ ಮೂರು ಫೇಸಿನ ನೋ-ಲೋಡ್ ಆಂಪಿಯರ್, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ರೀಡಿಂಗ್. ವೈಂಡಿಂಗ್ ಲೆಕ್ಕ ಇಲ್ಲಿ ಇರುವುದಿಲ್ಲ, ಡಿಸೈನ್ ಪುಟಕ್ಕೆ ಲಿಂಕ್ ಮಾತ್ರ.

ಡಿಸೈನ್ ಪುಟ: 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್, 415 ವೋಲ್ಟ್, 2 ಪೋಲ್, 24 ಸ್ಲಾಟ್, ಪಿಚ್ 1–12 ಮತ್ತು 2–11, ಹೀಗೆ. ಜೊತೆಗೆ ಸುತ್ತು, ಗೇಜ್, ತಂತಿಯ ತೂಕ, ಕನೆಕ್ಷನ್ ಫೋಟೊ. ಸುತ್ತಿನ ಸಂಖ್ಯೆಯನ್ನು ನಾನು ಇಲ್ಲಿ ಬೇಕೆಂದೇ ಬರೆದಿಲ್ಲ. ಕೋರ್ ನೋಡದೆ ಯಾರಾದರೂ ಹಾಕಿದರೆ ಮೋಟರ್ ಹಾಳು.

ಗಿರಾಕಿ ಪುಟ: ಊರು, ಫೋನ್, ಅವರು ತಂದ ಮೋಟರ್ ನಂಬರ್‌ಗಳು. ಬೇರೇನೂ ಇಲ್ಲ.

ಡಿಸೈನ್ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ, ನನಗೆ ಅದು ಎಲ್ಲಕ್ಕಿಂತ ಮುಖ್ಯ: ಈ ಲೆಕ್ಕ ಎಲ್ಲಿಂದ ಬಂತು? ‘ಕಂಪನಿ ವೈಂಡಿಂಗ್, ಎಣಿಸಿದ್ದು’, ‘ಯಾರೋ ಹಿಂದೆ ಕಟ್ಟಿದ್ದು, ಎಣಿಸಿದ್ದು’, ‘ಲೆಕ್ಕ ಹಾಕಿದ್ದು’, ಈ ಮೂರರಲ್ಲಿ ಒಂದು ಇರಲೇಬೇಕು. ನಮ್ಮಲ್ಲಿಗೆ ಬರುವ ಮೋಟರ್‌ಗಳಲ್ಲಿ ಒಂದೆರಡು ಸಲ ರಿವೈಂಡ್ ಆದವೇ ಹೆಚ್ಚು. ಹಿಂದಿನವರು ಸುತ್ತು ಕಡಿಮೆ ಹಾಕಿದ್ದರೆ ನಾವು ಅದನ್ನೇ ಎಣಿಸಿ, ಅದನ್ನೇ ಖರೆ ಅಂತ ಬರೆದಿಡುತ್ತೇವೆ. ವಹಿಯಲ್ಲಿ ಈ ವ್ಯತ್ಯಾಸ ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ವಹಿಯಿಂದ ಬಂದ ಲೆಕ್ಕಕ್ಕೆಲ್ಲ ‘ಗೊತ್ತಿಲ್ಲ’ ಅಂತ ಹಾಕಿದ್ದೇನೆ. ಅದೇ ಮೋಟರ್ ಮತ್ತೆ ಬಂದು ಎಣಿಸಿದಾಗ ತಿದ್ದುತ್ತೇವೆ.

ಹಳೇ ವಹಿಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಟೈಪ್ ಮಾಡಲು ಹೋಗಲಿಲ್ಲ. ಪುಟ ಪುಟದ ಫೋಟೊ ತೆಗೆದು ವಿಕಿಯಲ್ಲಿ ವರ್ಷವಾರು ಇಟ್ಟೆವು. ಮೋಟರ್ ಬಂದಾಗ ಅದರ ಲೆಕ್ಕ ಮಾತ್ರ ಹೊಸ ಪುಟಕ್ಕೆ ಬರುತ್ತದೆ. ಮತ್ತೆಂದೂ ಬಾರದ ಮೋಟರಿಗೆ ಯಾಕೆ ಕಷ್ಟಪಡಬೇಕು, ಅಲ್ವಾ?

ಹಂತ 7: ಮೋಟರಿಗೆ ನಂಬರ್

ಪೇಂಟಿನಲ್ಲಿ ಬರೆದರೆ ಓವನ್ನಿನಲ್ಲಿ ವಾರ್ನಿಶ್ ಒಣಗಿಸುವಾಗ ಕಪ್ಪಾಗುತ್ತದೆ. ಸ್ಟಿಕರ್ ಒಂದು ಮಳೆಗಾಲ ತಡೆಯುವುದಿಲ್ಲ. ಪಂಚ್ ಸೆಟ್ ತಂದು ಟರ್ಮಿನಲ್ ಬಾಕ್ಸಿನ (ಮೋಟರಿಗೆ ತಂತಿ ಜೋಡಿಸುವ ಡಬ್ಬಿಯ) ಮುಚ್ಚಳದ ಮೇಲೆ ನಂಬರ್ ಹೊಡೆದೆವು. ಚಂದ ಕಾಣುತ್ತಿತ್ತು. ಆದರೆ ಹೊಲದಲ್ಲಿ ಮುಚ್ಚಳ ಅದಲು ಬದಲಾಗುತ್ತದೆ. ಒಡೆದರೆ ಇನ್ನೊಂದು ಮೋಟರಿನದನ್ನು ತೆಗೆದು ಹಾಕುತ್ತಾರೆ. ಒಂದು ಮೋಟರಿನ ನಂಬರ್ ಇನ್ನೊಂದರ ಮೇಲೆ ಬಂತು. ಈಗ ಬಾಡಿಯ ಕಾಲಿನ ಮೇಲೆ ಹೊಡೆಯುತ್ತೇವೆ. ಸಬ್‌ಮರ್ಸಿಬಲ್ಲಿನ ಸ್ಟೀಲ್ ಕೊಳವೆ ತೆಳು, ಅದರ ಮೇಲೆ ಹೊಡೆಯಬಾರದು. ಮೇಲಿನ ಬೀಡಿನ (ಎರಕದ ಕಬ್ಬಿಣದ) ಭಾಗದಲ್ಲಿ ಹೊಡೆಯುತ್ತೇವೆ.

ಹಂತ 8: ಲಿಂಕ್ ತೋರಿಸಿದ್ದು

ಬೇರಿಂಗ್ ಒಂದೊಂದಕ್ಕೂ ಪುಟ ಮಾಡಿದೆ. 6204 ಅಂದರೆ 20×47×14 ಮಿ.ಮೀ., 6205 ಅಂದರೆ 25×52×15, 6206 ಅಂದರೆ 30×62×16. ಮೋಟರಿನ ಡಿಸೈನ್ ಪುಟದಿಂದ ಇವಕ್ಕೆ ಲಿಂಕ್. ಡೊಕುವಿಕಿಯಲ್ಲಿ ‘ಬ್ಯಾಕ್‌ಲಿಂಕ್’ ಒತ್ತಿದರೆ ಈ ಪುಟಕ್ಕೆ ಎಲ್ಲೆಲ್ಲಿಂದ ಲಿಂಕ್ ಇದೆ ಅಂತ ಪಟ್ಟಿ ಬರುತ್ತದೆ. ಬೇಸಿಗೆಗೆ ಮುಂಚೆ 6205ರ ಪುಟದಲ್ಲಿ ಅದನ್ನು ಒತ್ತಿದರೆ ಯಾವ ಯಾವ ಮೋಟರಿಗೆ ಆ ಬೇರಿಂಗ್ ಬೇಕು ಅಂತ ಕಣ್ಣೆದುರಿಗೆ. ಎಷ್ಟು ತಂದಿಡಬೇಕು ಅನ್ನುವ ಅಂದಾಜು ಈಗ ಅದರಿಂದಲೇ. ಇದಕ್ಕಾಗಿ ಬೇರೆ ಲೆಕ್ಕ ಬರೆಯಲೇ ಇಲ್ಲ.

ಗೇಜಿಗೂ ಹಾಗೇ. 19 ಗೇಜ್ 1.016 ಮಿ.ಮೀ., 22 ಗೇಜ್ 0.711 ಮಿ.ಮೀ. 19ರ ತಂತಿ ಸಿಗದಿದ್ದರೆ 22ರ ಎರಡು ತಂತಿ ಜೋಡಿಸಿ ಸುತ್ತಿದರೆ ತಾಮ್ರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಸುಮಾರು 2% ಕಡಿಮೆ. ಇದು ಗೇಜ್ ಪುಟದಲ್ಲಿ ಒಂದೇ ಕಡೆ ಇದೆ.

ಮೂರನೆಯದು ಸುಟ್ಟ ನಮೂನೆಯ ಪುಟ. ಸ್ಟಾರ್ ಕನೆಕ್ಷನ್ ಮೋಟರ್ ಒಂದು ಫೇಸ್ ಇಲ್ಲದೆ ಓಡಿದರೆ ಎರಡು ಫೇಸಿನ ಕಾಯಿಲ್ ಕಪ್ಪಾಗಿ, ಒಂದು ಫೇಸಿನದು ಹೊಸದರಂತೆ ಉಳಿಯುತ್ತದೆ. ಡೆಲ್ಟಾದಲ್ಲಿ ಒಂದು ಫೇಸಿನದೇ ಮುಖ್ಯವಾಗಿ ಸುಡುತ್ತದೆ. ಫೋಟೊ ಸಮೇತ ಎರಡೂ ಅಲ್ಲಿವೆ. ಅಂಥ ಮೋಟರ್ ಬಂದಾಗಲೆಲ್ಲ ಅದರ ಪುಟದಿಂದ ಇಲ್ಲಿಗೆ ಲಿಂಕ್ ಹಾಕುತ್ತೇವೆ. ಒಂದೇ ಮೋಟರ್ ಮತ್ತೆ ಮತ್ತೆ ಇದೇ ಪಟ್ಟಿಯಲ್ಲಿ ಕಂಡರೆ ವೈಂಡಿಂಗ್ ಬಿಟ್ಟು ಸ್ಟಾರ್ಟರ್, ಫ್ಯೂಸ್, ಕೇಬಲ್ ಜಾಯಿಂಟ್ ನೋಡಿ ಅಂತ ರೈತರಿಗೆ ಫೋಟೊ ತೋರಿಸಿಯೇ ಹೇಳುತ್ತೇವೆ. ನಾವು ಎಷ್ಟು ಚೆನ್ನಾಗಿ ಕಟ್ಟಿದರೂ ಫೇಸ್ ಇಲ್ಲದೆ ಓಡಿದ ಮೋಟರ್ ಉಳಿಯದು. ಅವರ ದುಡ್ಡು ಉಳಿಯಲಿ ಅನ್ನುವುದೇ ಈ ಪುಟದ ಕೆಲಸ.

ಹಂತ 9: ಹುಡುಕಿದರೆ ಸಿಗಬೇಕು

‘ಬೇರಿಂಗ್’ ಅಂತ ಹುಡುಕಿದರೆ ‘ಬೇರಿಂಗಿಗೆ’, ‘ಬೇರಿಂಗಿನ’ ಅಂತ ಬರೆದ ಪುಟಗಳು ಬರುವುದಿಲ್ಲ. ಡೊಕುವಿಕಿ ಮಾತನ್ನು ಇಡಿಯಾಗಿ ಹೋಲಿಸುತ್ತದೆ. ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಮುಂದೆ ಏನಿದ್ದರೂ ಹಿಡಿಯುತ್ತದೆ. ಆದರೆ ‘ಬೇರಿಂಗ್’ ಮುಂದೆ ನಕ್ಷತ್ರ ಹಾಕಿದರೂ ‘ಬೇರಿಂಗಿಗೆ’ ಸಿಗದು, ಯಾಕೆಂದರೆ ಅಲ್ಲಿ ಗ ಅರ್ಧಾಕ್ಷರವಾಗಿ ಉಳಿದಿಲ್ಲ. ‘ಬೇರಿಂಗ’ ಅಂತ ಪೂರ್ಣ ಗ ಬರೆದು ನಕ್ಷತ್ರ ಹಾಕಬೇಕು. ಆಗ ಎಲ್ಲ ರೂಪಗಳೂ ಬರುತ್ತವೆ. ಇದನ್ನು ಎಡಬದಿಯ ಪಟ್ಟಿಯಲ್ಲೇ ಬರೆದಿಟ್ಟಿದ್ದೇನೆ. ‘ಸೈಡ್‌ಬಾರ್’ ಅನ್ನುವ ಹೆಸರಿನ ಪುಟ ಮಾಡಿದರೆ ಅದು ಎಲ್ಲ ಪುಟದಲ್ಲೂ ಕಾಣುತ್ತದೆ.

ಮೋಟರ್, ಮೋಟಾರ್, ಮೋಟಾರು ಅಂತ ಮೂರು ಥರ ಬರೆಯುತ್ತಿದ್ದೆವು. ಈಗ ‘ಮೋಟರ್’ ಒಂದೇ. ಅಂಕಿಗಳೂ 0–9ರಲ್ಲೇ, ಕನ್ನಡ ಅಂಕಿ ಬೆರೆಸುವುದಿಲ್ಲ. ಕೈಯಲ್ಲಿ ವಾರ್ನಿಶ್ ಇದ್ದಾಗ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತೇವೆ. ಮಾತು ಚೆನ್ನಾಗಿ ಬರುತ್ತದೆ. ಅಂಕಿ ಮಾತ್ರ ಕೈ ಒರೆಸಿಕೊಂಡು ಬೆರಳಲ್ಲೇ ಹೊಡೆಯುವುದು. ಒಂದು ಸುತ್ತು ಹೆಚ್ಚುಕಡಿಮೆ ಆಗಬಾರದು.

ಹಂತ 10: ಹುಡುಗರ ಕೈಗೆ ಕೊಟ್ಟಿದ್ದು

ಪುಟ ತೆರೆದ ಕೂಡಲೇ ತುಂಬಬೇಕಾದ ಸಾಲುಗಳು ತಾವೇ ಬರಲಿ ಅಂತ ಟೆಂಪ್ಲೇಟ್ ಮಾಡಿದೆ. ಮೋಟರ್ ಪುಟಗಳ ಫೋಲ್ಡರಿನಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇರುವ ಟೆಂಪ್ಲೇಟ್ ಫೈಲ್ ಇಟ್ಟರೆ ಸಾಕು. ಮೊದಲ ಟೆಂಪ್ಲೇಟಿನಲ್ಲಿ ತುಂಬಾ ಸಾಲು ಇದ್ದವು. ಹುಡುಗರು ಅರ್ಧ ಖಾಲಿ ಬಿಡುತ್ತಿದ್ದರು. “ಅಣ್ಣಾ, ಇಷ್ಟೆಲ್ಲಾ ತುಂಬೂದ್ರಾಗ ಇನ್ನೊಂದು ಮೋಟರ್ ಬಿಚ್ಚತಿದ್ನಿ” ಅಂದ ಒಬ್ಬ. ಅವನ ಮಾತು ಸರಿ ಇತ್ತು. ಬಿಚ್ಚುವ ಹೊತ್ತಿನಲ್ಲೇ ಬೇಕಾದವನ್ನು ಉಳಿಸಿ ಮಿಕ್ಕದ್ದು ತೆಗೆದೆ.

ಒಬ್ಬರು ಪುಟ ತಿದ್ದಲು ತೆರೆದರೆ ಇನ್ನೊಬ್ಬರಿಗೆ 15 ನಿಮಿಷ ಬೀಗ. ಹುಡುಗ ಫೋನಿನಲ್ಲಿ ತೆರೆದು ಹಾಗೇ ಜೇಬಿಗೆ ಹಾಕಿಕೊಂಡರೆ ನಾನು ಕಾಯಬೇಕು. ಸೆಟ್ಟಿಂಗಿನಲ್ಲಿ ಅದನ್ನು 300 ಸೆಕೆಂಡ್ ಮಾಡಿದೆ. ಒಮ್ಮೆ ಪುಟದಲ್ಲಿದ್ದದ್ದೆಲ್ಲ ಅಳಿಸಿ ಖಾಲಿ ಸೇವ್ ಆಗಿತ್ತು. ಡೊಕುವಿಕಿಯಲ್ಲಿ ಖಾಲಿ ಸೇವ್ ಮಾಡಿದರೆ ಪುಟವೇ ಹೋಗುತ್ತದೆ. ಆದರೆ ಹಳೇ ಆವೃತ್ತಿಗಳು ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತವೆ. ಅಲ್ಲಿಂದ ವಾಪಸ್ ತಂದೆವು. ವಹಿಯ ಹಾಳೆ ಹರಿದರೆ ಇದು ಆಗುವುದಿಲ್ಲ. ಗಿರಾಕಿ ಪುಟಗಳು ನನ್ನ ಲಾಗಿನ್ನಿಗೆ ಮಾತ್ರ ತೆರೆಯುತ್ತವೆ.

ಹಂತ 11: ಬ್ಯಾಕಪ್, ವಾಪಸ್ ತಂದು ನೋಡಿದ್ದು

ರಾತ್ರಿ ಅಂಗಡಿ ಮುಚ್ಚುವಾಗ ಆರ್‌ಸಿಂಕ್ ಎಂಬ ಕಾಪಿ ಮಾಡುವ ಪ್ರೋಗ್ರಾಮ್ ಮೂಲಕ ಪೆನ್‌ಡ್ರೈವಿಗೆ ಕಾಪಿ. ಒಂದು ಪೆನ್‌ಡ್ರೈವ್ ಅಂಗಡಿಯಲ್ಲಿ, ಒಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲು ಬದಲು.

ಬ್ಯಾಕಪ್ ಇದೆ ಅಂತ ಸುಮ್ಮನಿರದೆ ಮನೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿದೆ. ಪುಟ, ಫೋಟೊ ಬಂದವು. ಲಾಗಿನ್ ಆಗಲಿಲ್ಲ. ಡೇಟಾ ಫೋಲ್ಡರ್ ಮಾತ್ರ ಕಾಪಿ ಆಗುತ್ತಿತ್ತು. ಬಳಕೆದಾರರ ಪಟ್ಟಿ, ಯಾರಿಗೆ ಯಾವ ಪುಟ ಅನ್ನುವುದು, ಎಲ್ಲ ಸೆಟ್ಟಿಂಗ್‌ಗಳು ‘ಕಾನ್ಫ್’ ಫೋಲ್ಡರಿನಲ್ಲಿವೆ. ಅದನ್ನೂ ಸೇರಿಸಿದೆ. ಇನ್ನೊಂದು ಸಲ ತಂದಾಗ ಹುಡುಕಾಟ, ಬ್ಯಾಕ್‌ಲಿಂಕ್ ಎರಡೂ ಖಾಲಿ. ಜಾಗ ಉಳಿಸಲು ಇಂಡೆಕ್ಸ್ ಫೋಲ್ಡರ್ (ಹುಡುಕಾಟಕ್ಕೆ ಬೇಕಾದ ಪಟ್ಟಿ ಇರುವುದು) ಬಿಟ್ಟಿದ್ದೆ. ಡೊಕುವಿಕಿಯ ಜೊತೆಗೇ ಬರುವ ಇಂಡೆಕ್ಸರ್ ಅನ್ನು ಟರ್ಮಿನಲ್ಲಿನಲ್ಲಿ ಓಡಿಸಿದ ಮೇಲೆ ಎರಡೂ ಬಂದವು. ಈ ಮೂರು ಮಾತನ್ನು ಕಾಗದದ ಮೇಲೆ ಬರೆದು ಪೆನ್‌ಡ್ರೈವಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ವಿಕಿ ಕೆಟ್ಟಾಗ ವಿಕಿಯಲ್ಲಿ ಬರೆದಿಟ್ಟದ್ದು ಓದಲು ಸಿಗುವುದಿಲ್ಲ.

ಹಂತ 12: ಬಾಕಿ ಇರುವುದು

ಸ್ಟಾರ್ಟರ್ ಪ್ಯಾನೆಲ್ಲುಗಳ ವೈರಿಂಗ್ ಚಿತ್ರಗಳು ಇನ್ನೂ ಗೋಡೆಯ ಮೇಲೆಯೇ ಇವೆ. ಅವಕ್ಕೆ ಪುಟ ಆಗಬೇಕು. ಸಬ್‌ಮರ್ಸಿಬಲ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಅಳತೆ ಮಿ.ಮೀ.ನಲ್ಲೇ ಹೇಳುತ್ತಾರೆ. ಅದನ್ನು ಗೇಜ್ ಪುಟದಿಂದ ಬೇರೆ ಮಾಡಬೇಕು. ‘ಗೊತ್ತಿಲ್ಲ’ ಅಂತ ಗುರುತು ಹಾಕಿದ ಡಿಸೈನ್ ಪುಟಗಳು ಇನ್ನೂ ತುಂಬಾ ಇವೆ. ಈ ಬೇಸಿಗೆಯಲ್ಲಿ ಕಾಯಿಲ್ ಚೆನ್ನಾಗಿ ಉಳಿದ ಮೋಟರ್ ಬಂದರೆ ಕತ್ತರಿಸುವ ಮುಂಚೆ ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು, ಎರಡೂ ಸಂಖ್ಯೆ ಒಂದೇ ಬಂದರೆ ಮಾತ್ರ ಗುರುತು ತೆಗೆಯಬೇಕು ಅಂತ ಹುಡುಗರ ಜೊತೆ ಮಾತಾಗಿದೆ.